ಕುಡಿಯಲ್ಲೇ ಕೊಯ್ಯುವ ತರಕಾರಿ

ದೊಡ್ಡ ಊರುಗಳ ತರಕಾರಿ ಮಳಿಗೆಗೆ ಹೋದವರು ನೋಡಿರುತ್ತೀರಿ. ತಣ್ಣನೆಯ ಕಪಾಟಿನ ಒಂದು ಮೂಲೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ ಹಸಿರು ಕಡ್ಡಿಗಳ ಕಟ್ಟು. ಒಂದೊಂದೂ ಕಿರುಬೆರಳಿನ ದಪ್ಪ, ಗೇಣುದ್ದ; ತುದಿಯಲ್ಲಿ ಒತ್ತಾಗಿ ಮುಚ್ಚಿಕೊಂಡ ಮೊಗ್ಗು. ಕೈಗೆತ್ತಿಕೊಂಡವರು ಬೆಲೆ ಚೀಟಿ ಕಂಡು ಮೆಲ್ಲಗೆ ವಾಪಸ್ ಇಟ್ಟು ಬೀನ್ಸ್ ಕಡೆಗೆ ಹೊರಡುತ್ತಾರೆ. ಅದೇ ಆಸ್ಪರಾಗಸ್. ಇವತ್ತಿನ ಮಾತು ಅದರ ಬಗ್ಗೆ.

ಈ ತರಕಾರಿಯ ಬಗ್ಗೆ ಜನ ಕೇಳುವುದು ಎರಡೇ ಪ್ರಶ್ನೆ. ಅಷ್ಟು ದುಡ್ಡಿಗೆ ಇದು ಬಾಳುತ್ತದೆಯೇ? ತಂದರೂ ಅನ್ನ, ಸಾರು, ಪಲ್ಯದ ನಮ್ಮ ಅಡುಗೆಗೆ ಹೊಂದುತ್ತದೆಯೇ? ಎರಡಕ್ಕೂ ಉತ್ತರ ಹುಡುಕಬೇಕಾದದ್ದು ಒಂದೇ ಕಡೆ. ಆಸ್ಪರಾಗಸ್ ಒಂದು ಕುಡಿ. ನೆಲದೊಳಗಿನಿಂದ ಈಗಷ್ಟೇ ತಲೆ ಎತ್ತಿದ, ಇನ್ನೂ ಕವಲೊಡೆಯದ ಕುಡಿ. ಇದರ ರುಚಿ, ಸತ್ವ, ಬೆಲೆ, ಬೇಯಿಸುವ ರೀತಿ ಎಲ್ಲವೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಕುಡಿ ತಿನ್ನುವುದು ನಮಗೇನೂ ಹೊಸದಲ್ಲ. ಕುಂಬಳದ ಕುಡಿ, ನುಗ್ಗೆಯ ಕುಡಿ, ಬೇಲಿ ಸಾಲಿನ ಹತ್ತು ಬಗೆಯ ಚಿಗುರು ಕಿತ್ತು ಮಾಡುವ ತಂಬುಳಿ, ಇವೆಲ್ಲ ನಮ್ಮ ಊಟದಲ್ಲಿ ಇದ್ದೇ ಇವೆ. ಮಲೆನಾಡು, ಕೊಡಗಿನವರಿಗೆ ಕಳಲೆಯ ಹೆಸರು ಹೇಳಿದರೆ ಸಾಕು. ಮಳೆ ಹಿಡಿದ ಮೇಲೆ ಬಿದಿರ ಮೆಳೆಯಲ್ಲಿ ಏಳುವ ಕಳಲೆಯನ್ನು ಹೊತ್ತಿಗೆ ಸರಿಯಾಗಿ ಕಡಿದರೆ ಪಲ್ಯ, ನಾಲ್ಕು ದಿನ ತಡವಾದರೆ ಬೊಂಬು. ಆಸ್ಪರಾಗಸ್ಸಿನ ಬಾಳೂ ಅಷ್ಟೇ ಅವಸರದ್ದು.

ಮೊದಲು ಗಿಡವನ್ನು ನೋಡೋಣ. ಇದರ ಶಾಸ್ತ್ರೀಯ ಹೆಸರು ಆಸ್ಪರಾಗಸ್ ಅಫಿಷಿನಾಲಿಸ್. ಯುರೋಪು ಮತ್ತು ಪಶ್ಚಿಮ ಏಷ್ಯಾ ಇದರ ತವರು. ಮರಳು ಮಣ್ಣೆಂದರೆ ಇದಕ್ಕೆ ಇಷ್ಟ, ಸ್ವಲ್ಪ ಉಪ್ಪಿನ ನೆಲವನ್ನೂ ತಾಳಿಕೊಳ್ಳುತ್ತದೆ. ಹಾಗಾಗಿ ಹೊಳೆದಂಡೆ, ಕಡಲತೀರಗಳಲ್ಲಿ ತಾನಾಗಿ ಬೆಳೆದದ್ದೂ ಉಂಟು. ವರ್ಷ ವರ್ಷ ಬಿತ್ತುವ ಬೆಳೆಯಲ್ಲ. ನೆಲದಡಿ ಒಂದು ಗಟ್ಟಿ ಕಾಂಡ ಅಡ್ಡಲಾಗಿ ಮಲಗಿರುತ್ತದೆ. ಅದರಿಂದ ಪೆನ್ಸಿಲ್ ದಪ್ಪದ ಬೇರುಗಳು ಸುತ್ತಲೂ ಚಾಚಿಕೊಂಡಿರುತ್ತವೆ. ಹಿಂದಿನ ಬೇಸಿಗೆಯ ಬಿಸಿಲಲ್ಲಿ ಗಿಡ ತಯಾರಿಸಿದ ಆಹಾರವೆಲ್ಲ ಈ ಬೇರುಗಳಲ್ಲಿ ಜಮೆ. ಚಳಿಗಾಲದಲ್ಲಿ ಮೇಲಿನ ಗಿಡ ಒಣಗಿ ಬೀಳುತ್ತದೆ. ವಸಂತದಲ್ಲಿ ಮಣ್ಣು ಬೆಚ್ಚಗಾಗುತ್ತಿದ್ದಂತೆ ಆ ಜಮೆ ಹಣ ಖರ್ಚು ಮಾಡಿ ಗಿಡ ಕುಡಿಗಳನ್ನು ಮೇಲಕ್ಕೆ ದೂಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಒಂದು ಕುಡಿ 24 ಗಂಟೆಯೊಳಗೆ 10ರಿಂದ 15 ಸೆಂಟಿಮೀಟರ್ ಎದ್ದುಬಿಡಬಹುದು. ಬಿಸಿಲು ಜೋರಾದರೆ ರೈತರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಯ್ಯಬೇಕಾಗುತ್ತದೆ.

ಒಂದು ಕುಡಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. ಕಾಂಡದ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡ ಪುಟ್ಟ ಮುಕ್ಕೋನದ ಪೊರೆಗಳಿರುತ್ತವೆ. ಈ ಗಿಡದ ಎಲೆ ಎಂದರೆ ಅವೇ. ಒಂದೊಂದು ಪೊರೆಯ ಮರೆಯಲ್ಲೂ ಒಂದು ಕವಲಿನ ಮೊಗ್ಗು ಅಡಗಿದೆ. ಕೊಯ್ಯದೆ ಬಿಟ್ಟರೆ ತುದಿ ಸಡಿಲಗೊಂಡು ಕವಲುಗಳು ಹೊರಡುತ್ತವೆ. ಕೆಲವೇ ವಾರಗಳಲ್ಲಿ ಆಳೆತ್ತರದ, ನವಿರಾದ ಹಸಿರು ಪೊದೆ ನಿಲ್ಲುತ್ತದೆ. ಆ ಪೊದೆಯಲ್ಲಿ ಎಲೆಯಂತೆ ಕಾಣುವ ಸೂಜಿಗಳೆಲ್ಲ ನಿಜಕ್ಕೂ ಸಣ್ಣ ಕವಲುಗಳು. ಬಿಸಿಲು ಹೀರಿ ಆಹಾರ ತಯಾರಿಸುವ ಕೆಲಸವನ್ನು ಎಲೆಗಳ ಬದಲು ಅವೇ ಮಾಡುತ್ತವೆ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡದಲ್ಲಿ ಕೆಂಪು ಹಣ್ಣು ಬಿಡುತ್ತದೆ. ಆ ಹಣ್ಣು ತಿನ್ನುವಂಥದಲ್ಲ, ಹೊಟ್ಟೆ ಕೆಡಿಸುತ್ತದೆ. ಮನೆಯಲ್ಲಿ ಗಿಡ ಬೆಳೆಸುವವರು ಮಕ್ಕಳ ಮೇಲೆ ಒಂದು ಕಣ್ಣಿಟ್ಟಿರಬೇಕು.

ಈಗ ಬೆಲೆಯ ಮಾತು. ಆಸ್ಪರಾಗಸ್ ನೆಟ್ಟ ರೈತ ಮೊದಲ ಎರಡು ವರ್ಷ ಕುಡಿ ಮುಟ್ಟುವಂತಿಲ್ಲ. ಬೇರು ಬಲಿಯಲು ಬಿಡಬೇಕು. ಮೂರನೆಯ ವರ್ಷ ಸ್ವಲ್ಪ ಕೊಯ್ಯಬಹುದು, ಆಮೇಲೆ ಪೂರ್ತಿ ಫಸಲು. ಚೆನ್ನಾಗಿ ನೋಡಿಕೊಂಡ ಪಾತಿ 10-15 ವರ್ಷ ಕೊಡುತ್ತಲೇ ಇರುತ್ತದೆ. ಆದರೆ ಸುಗ್ಗಿ ವರ್ಷಕ್ಕೆ ಎಂಟು-ಹತ್ತು ವಾರವಷ್ಟೇ. ಜರ್ಮನಿಯಲ್ಲಿ ಜೂನ್ 24ರಂದು, ಸಂತ ಜಾನ್‌ನ ಹಬ್ಬದ ದಿನ, ಕೊಯ್ಲು ನಿಲ್ಲಿಸುವುದು ಹಳೆಯ ಕಟ್ಟಳೆ. ಇಂಗ್ಲೆಂಡಿನ ಈವ್‌ಶಮ್ ಕಣಿವೆಯಲ್ಲಿ ಏಪ್ರಿಲ್ 23ಕ್ಕೆ ಶುರು, ಜೂನ್ 21ಕ್ಕೆ ಮುಕ್ತಾಯ ಎಂಬ ಲೆಕ್ಕ. ಇದರಲ್ಲಿ ದೇವರ ಹಬ್ಬಕ್ಕಿಂತ ಒಕ್ಕಲುತನದ ಜಾಣ್ಮೆ ದೊಡ್ಡದು. ಬರುವ ಕುಡಿಯನ್ನೆಲ್ಲ ಕೊಯ್ಯುತ್ತ ಹೋದರೆ ಬೇರಿನ ಜಮೆ ಬರಿದಾಗಿ ಗಿಡವೇ ಸೊರಗುತ್ತದೆ. ಅರ್ಧ ಬೇಸಿಗೆ ತನಗೆ, ಉಳಿದ ಬೇಸಿಗೆ ಗಿಡಕ್ಕೆ ಎಂದು ಬಿಟ್ಟುಕೊಟ್ಟವನಿಗೆ ಮುಂದಿನ ವರ್ಷದ ಫಸಲು. ಇಷ್ಟೆಲ್ಲ ಕಾದು, ಒಂದೊಂದೇ ಕುಡಿಯನ್ನು ಕೈಯಿಂದ ಕೊಯ್ದು, ತಂಪಿನಲ್ಲಿಟ್ಟು ಪೇಟೆ ಮುಟ್ಟಿಸುವ ಖರ್ಚು ಮಳಿಗೆಯ ಆ ಬೆಲೆ ಚೀಟಿಯಲ್ಲಿ ಇರುತ್ತದೆ.

ಜರ್ಮನಿಯ ಹೆಸರು ಬಂತು. ಅಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಈ ಕಾಲಕ್ಕೆ ಸ್ಪಾರ್ಗೆಲ್ ಕಾಲ ಎಂದೇ ಹೆಸರು. ಸ್ಪಾರ್ಗೆಲ್ ಎಂದರೆ ಆಸ್ಪರಾಗಸ್. ಅಲ್ಲಿನವರಿಗೆ ಪ್ರೀತಿ ಬಿಳಿ ಬಣ್ಣದ್ದರ ಮೇಲೆ. ಬಿಳಿಯದು ಬೇರೆ ಜಾತಿಯೇನಲ್ಲ, ಬೆಳೆಸುವ ಕ್ರಮ ಬೇರೆ. ಸಾಲಿನುದ್ದಕ್ಕೂ ಮರಳು ಮಣ್ಣನ್ನು ಮೊಣಕಾಲೆತ್ತರ ಏರಿಸಿ ಒಡ್ಡು ಕಟ್ಟುತ್ತಾರೆ. ಕುಡಿ ಆ ಒಡ್ಡಿನೊಳಗೇ ಬೆಳೆಯುತ್ತದೆ, ಬೆಳಕು ಕಾಣುವುದಿಲ್ಲ, ಹಾಗಾಗಿ ಹಸಿರಾಗುವುದಿಲ್ಲ. ಒಡ್ಡಿನ ನೆತ್ತಿಯಲ್ಲಿ ಮಣ್ಣು ತುಸು ಬಿರುಕು ಬಿಟ್ಟಿದ್ದನ್ನು ಕಂಡು ಕೆಲಸದಾಳು ಎರಡು ಬೆರಳಿನಿಂದ ಮಣ್ಣು ಬಿಡಿಸಿ, ಉದ್ದನೆಯ ಚೂರಿಯನ್ನು ಆಳಕ್ಕಿಳಿಸಿ ಕುಡಿಯನ್ನು ಬುಡದಲ್ಲಿ ಕತ್ತರಿಸಿ ತೆಗೆದು, ಆ ಗುಂಡಿಯನ್ನು ಮತ್ತೆ ಮುಚ್ಚಿ ತಟ್ಟುತ್ತಾನೆ. ತುದಿಗೆ ಬೆಳಕು ತಾಗಿತೋ, ಮೊದಲು ನೇರಳೆ ಬಣ್ಣ, ಆಮೇಲೆ ಹಸಿರು. ಈ ಕೆಲಸಕ್ಕೆಂದೇ ಪ್ರತಿ ವರ್ಷ ಪೋಲೆಂಡ್, ರುಮೇನಿಯಾ ಕಡೆಯಿಂದ ಸಾವಿರಾರು ಜನ ಗುಳೆ ಬರುತ್ತಾರೆ. ಬರ್ಲಿನ್ ಹತ್ತಿರದ ಬೀಲಿಟ್ಸ್, ಹೈಡೆಲ್‌ಬರ್ಗ್ ಹತ್ತಿರದ ಶ್ವೆಟ್ಸಿಂಗೆನ್ ಈ ಬೆಳೆಗೆ ಹೆಸರಾದ ಊರುಗಳು. ಶ್ವೆಟ್ಸಿಂಗೆನ್ನಿನ ಅರಮನೆ ತೋಟದಲ್ಲಿ 1668ರಲ್ಲೇ ಇದನ್ನು ಬೆಳೆಸಿದ್ದರು. ಓದಿಗೋ ಕೆಲಸಕ್ಕೋ ಅಲ್ಲಿಗೆ ಹೋದ ನಮ್ಮ ಕನ್ನಡದ ಹುಡುಗರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಈ ಕಾಲ ಒಂದು ಅನುಕೂಲವೇ. ಬೇಯಿಸಿದ ಬಿಳಿ ಕುಡಿ, ಆಲೂಗಡ್ಡೆ, ಮೇಲೆ ಕರಗಿದ ಬೆಣ್ಣೆ, ಇಷ್ಟೇ ಒಂದು ಪೂರ್ತಿ ಊಟವಾಗಿ ತಟ್ಟೆಗೆ ಬರುತ್ತದೆ.

ಚಳಿಗಾಲವೇ ಇಲ್ಲದ ನಾಡಿನಲ್ಲಿ ಗಿಡ ನಿದ್ದೆ ಹೋಗುವುದು ಹೇಗೆ? ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿ ಮರುಭೂಮಿಯಲ್ಲಿ ನೀರು ನಿಲ್ಲಿಸಿ ಗಿಡವನ್ನು ಮಲಗಿಸುತ್ತಾರೆ, ನೀರು ಬಿಟ್ಟು ಎಬ್ಬಿಸುತ್ತಾರೆ. ಹಾಗಾಗಿ ಅಲ್ಲಿ ಬೇಕಾದ ತಿಂಗಳಿಗೆ ಕೊಯ್ಲು. ಬೆಳೆಯುವುದರಲ್ಲಿ ಚೀನಾ ಮೊದಲಾದರೂ ಹೊರದೇಶಕ್ಕೆ ಕಳಿಸುವ ದೊಡ್ಡ ದೇಶಗಳಲ್ಲಿ ಪೆರು ಒಂದಾದದ್ದು ಹೀಗೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಲ್ಲಿನ ಇಕಾ ಕಣಿವೆಯಲ್ಲಿ ಅಂತರ್ಜಲ ಪಾತಾಳಕ್ಕಿಳಿದು, ದೊಡ್ಡ ತೋಟಗಳ ಬೋರ್‌ವೆಲ್ ಮುಂದೆ ಸಣ್ಣ ರೈತರ ಬಾವಿಗಳು ಬತ್ತಿದವು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ದಾರಿ ತೈವಾನ್, ಥಾಯ್ಲೆಂಡ್‌ಗಳದ್ದು. ಪ್ರತಿ ಬುಡದಲ್ಲೂ ಮೂರು-ನಾಲ್ಕು ಕಾಂಡಗಳನ್ನು ಕೊಯ್ಯದೆ ಪೊದೆಯಾಗಲು ಬಿಡುತ್ತಾರೆ. ಅವು ತಾಯಿ ಕಾಂಡಗಳು. ಬೇರಿಗೆ ಆಹಾರ ತುಂಬುವ ಕೆಲಸ ಅವುಗಳದ್ದು. ಪಕ್ಕದಲ್ಲಿ ಏಳುವ ಹೊಸ ಕುಡಿಗಳನ್ನು ತಿಂಗಳುಗಟ್ಟಲೆ ಕೊಯ್ಯುತ್ತಾರೆ. ನಮ್ಮ ಹವೆಯಲ್ಲಿ ಹಿತ್ತಲಲ್ಲಿ ಬೆಳೆದು ನೋಡುವ ಆಸೆ ಇದ್ದವರಿಗೆ ಹೊಂದುವುದು ಈ ಎರಡನೆಯ ಕ್ರಮವೇ. ನೀರು ಬಸಿಯುವ ಮರಳು ಮಣ್ಣು, ಏರಿಸಿದ ಮಡಿ, ಧಾರಾಳ ಕೊಟ್ಟಿಗೆ ಗೊಬ್ಬರ ಇರಲಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಬೀಜ ಮೊಳೆಯುವುದು ನಿಧಾನ, ಕುಡಿ ಕೊಯ್ಯಲು ಎರಡು ವರ್ಷದ ತಾಳ್ಮೆ ಬೇಕು.

ಇತಿಹಾಸ ದೊಡ್ಡದಿದೆ, ಎರಡು ಪ್ರಸಂಗ ಮಾತ್ರ ಹೇಳುತ್ತೇನೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮನ್ ಲೇಖಕ ಕೇಟೋ ತನ್ನ ಬೇಸಾಯದ ಪುಸ್ತಕದಲ್ಲಿ ಆಸ್ಪರಾಗಸ್ ಬೆಳೆಸುವ ಕ್ರಮವನ್ನು ವಿವರಿಸಿದ್ದಾನೆ. ಮುಂದೆ ಬಂದ ಚಕ್ರವರ್ತಿ ಅಗಸ್ಟಸ್‌ಗೆ ಒಂದು ಮಾತು ಬಾಯಿಪಾಠವಾಗಿತ್ತಂತೆ. ಯಾವುದಾದರೂ ಕೆಲಸ ಥಟ್ಟನೆ ಆಗಬೇಕೆಂದರೆ ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ ಮುಗಿಸಿ ಎನ್ನುತ್ತಿದ್ದನೆಂದು ಅವನ ಚರಿತ್ರೆ ಬರೆದ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಎರಡು ಸಾವಿರ ವರ್ಷದ ಹಿಂದೆಯೇ ಅಡುಗೆಯವರಿಗೆ ಇದರ ಹದ ಗೊತ್ತಿತ್ತು ಎಂದಾಯಿತು.

ಎರಡನೆಯದು ಪ್ಯಾರಿಸ್ಸಿನದು. 1880ರಲ್ಲಿ ಚಿತ್ರಕಾರ ಎದ್ವಾರ್ ಮಾನೆ ಒಂದು ಕಟ್ಟು ಆಸ್ಪರಾಗಸ್ಸಿನ ಚಿತ್ರ ಬರೆದ. ಸೊಪ್ಪಿನ ಹಾಸಿಗೆಯ ಮೇಲೆ ಬಿಳಿ ಕುಡಿಗಳು, ತುದಿಯಲ್ಲಿ ನೇರಳೆ. ಬೆಲೆ 800 ಫ್ರಾಂಕ್ ಎಂದು ನಿಗದಿಯಾಗಿತ್ತು. ಕೊಂಡವನು ಶಾರ್ಲ್ ಎಫ್ರುಸ್ಸಿ ಎಂಬ ಕಲಾರಸಿಕ. ಖುಷಿಯಾಗಿ 1000 ಫ್ರಾಂಕ್ ಕಳಿಸಿದ. ಮಾನೆ ಸುಮ್ಮನಿರಲಿಲ್ಲ. ಒಂದೇ ಒಂದು ಕುಡಿಯ ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಒಂದು ಕಡಿಮೆ ಬಿದ್ದಿತ್ತು ಎಂಬ ಅರ್ಥದ ಚೀಟಿಯೊಂದಿಗೆ ಕಳಿಸಿಕೊಟ್ಟ. ಕಟ್ಟು ಈಗ ಜರ್ಮನಿಯ ಕೊಲೋನ್ ಊರಿನ ಸಂಗ್ರಹಾಲಯದಲ್ಲಿದೆ, ಕೊಸರು ಬಂದ ಕುಡಿ ಪ್ಯಾರಿಸ್ಸಿನಲ್ಲಿದೆ.

ಅದೇ ಪ್ಯಾರಿಸ್ಸಿನಲ್ಲಿ ಇನ್ನೂ ಹಿಂದೆ, 1806ರಲ್ಲಿ, ವೋಕ್ಲಾ ಮತ್ತು ರೋಬಿಕೆ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಆಸ್ಪರಾಗಸ್ ರಸದಿಂದ ಒಂದು ಹರಳನ್ನು ಬೇರ್ಪಡಿಸಿದರು. ಅದಕ್ಕೆ ಆಸ್ಪರಾಜಿನ್ ಎಂದು ಹೆಸರಾಯಿತು. ನಮ್ಮ ಮೈಯ ಪ್ರೋಟೀನುಗಳೆಲ್ಲ ಅಮೈನೊ ಆಮ್ಲಗಳೆಂಬ ಸಣ್ಣ ಘಟಕಗಳಿಂದ ಆದವು. ಆ ಕುಟುಂಬದಲ್ಲಿ ಮನುಷ್ಯನಿಗೆ ಮೊಟ್ಟಮೊದಲು ಸಿಕ್ಕಿದ್ದು ಇದೇ. ಈ ಕುಡಿಯಲ್ಲೇ ಸಿಕ್ಕಿದ್ದಕ್ಕೆ ಕಾರಣವಿದೆ. ಗಿಡ ತನ್ನ ಸಾರಜನಕವನ್ನು ಬೆಳೆಯುವ ತುದಿಗೆ ಸಾಗಿಸುವುದು ಹೆಚ್ಚಾಗಿ ಆಸ್ಪರಾಜಿನ್ ರೂಪದಲ್ಲಿ. ಭರದಿಂದ ಬೆಳೆಯುವ ಕುಡಿಯಲ್ಲಿ ಅದು ತುಂಬಿರುವುದು ಸಹಜ. ಮಕ್ಕಳಲ್ಲಿ ಹೆಚ್ಚು ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಇಂದು ಕೊಡುವ ಔಷಧಿಗಳಲ್ಲಿ ಆಸ್ಪರಾಜಿನೇಸ್ ಎಂಬುದೊಂದಿದೆ. ಆ ಕ್ಯಾನ್ಸರ್ ಜೀವಕೋಶಗಳಿಗೆ ಆಸ್ಪರಾಜಿನ್ ಅನ್ನು ತಾವೇ ಸಾಕಷ್ಟು ತಯಾರಿಸಿಕೊಳ್ಳಲು ಬಾರದು, ರಕ್ತದಿಂದ ಎಳೆದುಕೊಳ್ಳಬೇಕು. ಔಷಧಿ ರಕ್ತದಲ್ಲಿರುವುದನ್ನು ಒಡೆದು ಹಾಕುತ್ತದೆ, ಕೋಶಗಳು ಹಸಿದು ಸಾಯುತ್ತವೆ. ಈ ಔಷಧಿ ತಯಾರಾಗುವುದು ಬ್ಯಾಕ್ಟೀರಿಯಾಗಳಿಂದ, ತರಕಾರಿಯಿಂದಲ್ಲ. ಆಸ್ಪರಾಗಸ್ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ದಯವಿಟ್ಟು ನಂಬಬೇಡಿ, ಮುಂದಕ್ಕೂ ಕಳಿಸಬೇಡಿ.

ಹಾಗಾದರೆ ಆರೋಗ್ಯಕ್ಕೆ ಇದರಿಂದ ಏನು ಸಿಗುತ್ತದೆ? ನೂರು ಗ್ರಾಂ ಹಸಿ ಕುಡಿಯಲ್ಲಿ ಸುಮಾರು 93 ಗ್ರಾಂ ನೀರೇ. ಶಕ್ತಿ 20 ಕ್ಯಾಲೊರಿ ಮಾತ್ರ. ಪ್ರೋಟೀನು ಎರಡು ಗ್ರಾಂ, ನಾರು ಎರಡು ಗ್ರಾಂ. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಪೊಟ್ಯಾಸಿಯಂ ಪರವಾಗಿಲ್ಲ. ತೂಕ, ರಕ್ತದೊತ್ತಡ, ಸಕ್ಕರೆ ಲೆಕ್ಕ ಹಾಕುವವರು ಹೆದರದೆ ತಿನ್ನಬಹುದಾದ ತರಕಾರಿ. ಇದರ ನಾರಿನಲ್ಲಿ ಇನ್ಯುಲಿನ್ ಎಂಬ ಒಂದು ಬಗೆ ಇದೆ. ಅದನ್ನು ನಾವು ಅರಗಿಸಿಕೊಳ್ಳಲಾರೆವು, ದೊಡ್ಡ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಆಹಾರ. ಮೊದಲ ಸಲ ಬಹಳ ತಿಂದವರಿಗೆ ಹೊಟ್ಟೆ ಉಬ್ಬರಿಸಿದರೆ ಕಾರಣವೂ ಅದೇ.

ಇದರ ನಿಜವಾದ ಬಲ ಫೋಲೇಟ್, ಅಂದರೆ ಬಿ ಗುಂಪಿನ ಒಂದು ವಿಟಮಿನ್. ಬೇಯಿಸಿದ 100 ಗ್ರಾಂನಲ್ಲಿ ಸುಮಾರು 150 ಮೈಕ್ರೊಗ್ರಾಂ ಇರುತ್ತದೆ. ಹೊಸ ಜೀವಕೋಶ ಹುಟ್ಟುವಲ್ಲೆಲ್ಲ ಫೋಲೇಟ್ ಬೇಕು. ರಕ್ತ ತಯಾರಾಗಲು ಬೇಕು, ಬಸಿರಿನಲ್ಲಂತೂ ಬೇಕೇ ಬೇಕು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರು ಎಂದು ತಿಳಿಯುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ಅದಕ್ಕೇ ಮಗು ಬೇಕೆಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ತರಕಾರಿ ಆ ಮಾತ್ರೆಗೆ ಜೊತೆ, ಬದಲಿ ಅಲ್ಲ.

ಇಲ್ಲಿ ಒಂದು ಮಾತು ಮುಚ್ಚುಮರೆ ಇಲ್ಲದೆ ಹೇಳಬೇಕು. ಬೇಯಿಸಿದ ಪಾಲಕ್ ಸೊಪ್ಪಿನಲ್ಲೂ ಹತ್ತಿರ ಹತ್ತಿರ ಅಷ್ಟೇ ಫೋಲೇಟ್ ಇದೆ. ಬೇಯಿಸಿದ ಅಲಸಂದೆ ಕಾಳಿನಲ್ಲಿ ಅದಕ್ಕಿಂತ ಹೆಚ್ಚೇ ಇದೆ, ಬೆಲೆಯಂತೂ ಎಷ್ಟೋ ಕಡಿಮೆ. ಆದ್ದರಿಂದ ಬರೀ ಆರೋಗ್ಯಕ್ಕೆಂದು ಆಸ್ಪರಾಗಸ್ ಕೊಳ್ಳಬೇಕಾದ ಅಗತ್ಯವಿಲ್ಲ. ರುಚಿಗೆಂದು ಕೊಳ್ಳಿ. ಹಸಿ ಬಟಾಣಿಯ ಸಿಹಿ, ತುಸು ಒಗರು, ಕಚ್ಚಿದರೆ ಕಟುಕೆನ್ನುವ ಗುಣ, ಇವಕ್ಕೆ ದುಡ್ಡು ಕೊಡಿ. ಆರೋಗ್ಯ ಜೊತೆಯಲ್ಲೇ ಬರುತ್ತದೆ.

ಎಚ್ಚರಿಕೆಯ ಮಾತು ಒಂದೆರಡು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ಗಮನಿಸಿ. ಆಸ್ಪರಾಗಸ್ಸಿನಲ್ಲಿ ವಿಟಮಿನ್ ಕೆ ಇದೆ, ಅದು ಗುಳಿಗೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಬಿಡಬೇಕೆಂದಿಲ್ಲ, ಒಂದು ವಾರ ರಾಶಿ ತಿಂದು ಮುಂದಿನ ವಾರ ಮುಟ್ಟದೆ ಇರುವುದು ಬೇಡ, ವೈದ್ಯರಿಗೆ ತಿಳಿಸಿ ಒಂದೇ ಅಳತೆಯಲ್ಲಿ ತಿನ್ನಿ. ಯೂರಿಕ್ ಆಮ್ಲ ಏರಿ ಕೀಲು ಊದುವ ತೊಂದರೆ ಇದ್ದವರೂ ವೈದ್ಯರನ್ನು ಕೇಳಿ ಮುಂದುವರಿಯಿರಿ. ಡಬ್ಬಿಯಲ್ಲಿ ಬರುವ ಆಸ್ಪರಾಗಸ್ಸಿಗೆ ಉಪ್ಪುನೀರು ಹಾಕಿರುತ್ತಾರೆ, ರಕ್ತದೊತ್ತಡದವರು ತೊಳೆದು ಬಳಸಬೇಕು.

ಇನ್ನೊಂದು ಸಂಗತಿ ಹೇಳಿದರೆ ನೀವು ನಗಬಹುದು, ಹೇಳದಿದ್ದರೆ ಯಾರಾದರೂ ಗಾಬರಿಯಾಗಬಹುದು. ಆಸ್ಪರಾಗಸ್ ತಿಂದ ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಒಂದು ವಿಚಿತ್ರ ವಾಸನೆ ಬರುತ್ತದೆ. ಈ ತರಕಾರಿಯಲ್ಲಿರುವ ಗಂಧಕದ ಒಂದು ಸಂಯುಕ್ತ ಮೈಯೊಳಗೆ ಒಡೆದು ಹೊರಬೀಳುವ ವಾಸನೆ ಅದು. ಅಪಾಯ ಏನೂ ಇಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1781ರಲ್ಲೇ ಇದರ ಬಗ್ಗೆ ಬರೆದಿದ್ದ. ಮಜಾ ಏನೆಂದರೆ ಆ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ. ಯುರೋಪ್ ಮೂಲದ ಸುಮಾರು 6900 ಅಮೆರಿಕನ್ನರನ್ನು ಕೇಳಿ ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹತ್ತಿರ ಹತ್ತಿರ ಶೇಕಡಾ 60 ಮಂದಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹುಟ್ಟಿನಿಂದ ಬಂದ ಜೀನುಗಳ ವ್ಯತ್ಯಾಸ ಅದಕ್ಕೆ ಕಾರಣ.

ಶತಾವರಿಯ ಸಂಬಂಧವೇನು ಎಂದು ಹಲವರು ಕೇಳುತ್ತಾರೆ. ದಾಯಾದಿ ಸಂಬಂಧ. ನಮ್ಮ ಕಾಡಂಚಿನಲ್ಲಿ, ಬೇಲಿಗಳಲ್ಲಿ ಹಬ್ಬುವ ಮುಳ್ಳಿನ ಬಳ್ಳಿ ಶತಾವರಿ. ಅದೇ ಕುಲದ ಇನ್ನೊಂದು ಜಾತಿ, ಆಸ್ಪರಾಗಸ್ ರೆಸಿಮೋಸಸ್. ಬುಡ ಅಗೆದರೆ ಗೊಂಚಲು ಗೊಂಚಲಾಗಿ ಬಿಳಿಯ ಬೇರುಗಡ್ಡೆಗಳು. ಒಂದೇ ಬುಡಕ್ಕೆ ಅಷ್ಟೊಂದು ಗಡ್ಡೆ ಕಂಡ ನಮ್ಮ ಹಿರಿಯರು ಹಲವು ಮಕ್ಕಳ ತಾಯಿ ಬೇರು ಎಂದರು. ಮಜ್ಜಿಗೆ ಗಡ್ಡೆ, ಆಷಾಢಿ ಬೇರು ಎಂದೂ ಕರೆಯುತ್ತಾರೆ. ಆಯುರ್ವೇದದಲ್ಲಿ ಬಾಣಂತಿಯರಿಗೆ ಎದೆಹಾಲು ಹೆಚ್ಚಲೆಂದು ಕೊಡುವುದು ಈ ಬೇರನ್ನು. ಅದು ಬೇರಿನ ಔಷಧಿ, ಇದು ಕುಡಿಯ ಪಲ್ಯ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಬಾರದು. ಇದೇ ಮನೆತನದ ಮೂರನೆಯವರನ್ನೂ ನೀವು ಬಲ್ಲಿರಿ. ಸಭೆ ಸಮಾರಂಭಗಳಲ್ಲಿ ಕೊಡುವ ಹೂಗುಚ್ಛದಲ್ಲಿ ಗುಲಾಬಿಯ ಹಿಂದೆ ಇಡುವ ನವಿರಾದ ಹಸಿರು ಗರಿ ಇದೆಯಲ್ಲ, ಅದು ದಕ್ಷಿಣ ಆಫ್ರಿಕಾ ಮೂಲದ ಆಸ್ಪರಾಗಸ್. ಅದು ನೋಡಲಿಕ್ಕೆ ಮಾತ್ರ.

ಇನ್ನು ಅಂಗಡಿಗೆ ಹೋಗೋಣ. ಕೊಯ್ದ ಮೇಲೂ ಕುಡಿ ಬೆಳೆಯಲು ಹೆಣಗುತ್ತಲೇ ಇರುತ್ತದೆ. ತರಕಾರಿಗಳಲ್ಲೆಲ್ಲ ಅತಿ ಜೋರಾಗಿ ಉಸಿರಾಡುವುದರಲ್ಲಿ ಇದೂ ಒಂದು. ತನ್ನೊಳಗಿನ ಸಕ್ಕರೆಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಬುಡದಿಂದ ಮೇಲಕ್ಕೆ ನಾರು ಕಟ್ಟುತ್ತ ಬರುತ್ತದೆ. ಒಂದೆರಡು ದಿನದಲ್ಲೇ ಸಿಹಿ ಇಳಿಯುತ್ತದೆ. ಆದ್ದರಿಂದ ಮೊದಲು ತುದಿ ನೋಡಿ. ಒತ್ತಾಗಿ ಮುಚ್ಚಿರಬೇಕು, ಒದ್ದೆಯಾಗಿರಬಾರದು. ಬಿಚ್ಚಿಕೊಂಡಿದ್ದರೆ, ಲೋಳೆಯಾಗಿದ್ದರೆ, ಮೂಗಿಗೆ ಹಿಡಿದಾಗ ಹುಳಿ ವಾಸನೆ ಬಂದರೆ ಬೇಡ. ಆಮೇಲೆ ಬುಡ ನೋಡಿ. ಕತ್ತರಿಸಿದ ಮೈ ಹಸಿಯಾಗಿರಬೇಕು, ಒಣಗಿ ಬಿರುಕು ಬಿಟ್ಟಿರಬಾರದು. ಎರಡು ಕುಡಿಗಳನ್ನು ಒಂದಕ್ಕೊಂದು ಉಜ್ಜಿದರೆ ಕಿರ್‌ ಎಂದು ಸದ್ದು ಮಾಡಬೇಕು. ದಪ್ಪಗಿದ್ದರೆ ಬಲಿತಿದೆ ಎಂದು ತಿಳಿಯಬೇಡಿ. ಬೆಂಡೆಕಾಯಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪ ಮೊಗ್ಗಿನಿಂದ ಹುಟ್ಟಿದ್ದು ದಪ್ಪ, ಸಣ್ಣ ಮೊಗ್ಗಿನಿಂದ ಹುಟ್ಟಿದ್ದು ಸಣ್ಣ, ಅಷ್ಟೇ. ಮನೆಗೆ ತಂದ ಕೂಡಲೇ ಬುಡವನ್ನು ತುಸು ಕತ್ತರಿಸಿ, ಲೋಟದಲ್ಲಿ ಎರಡು ಬೆರಳು ನೀರು ಹಾಕಿ ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ಒದ್ದೆ ಬಟ್ಟೆ ಸುತ್ತಿಟ್ಟರೂ ಆದೀತು. ಎರಡು ಮೂರು ದಿನದೊಳಗೆ ಮುಗಿಸಿ.

ಅಡುಗೆಗೆ ಬಂದರೆ, ಇದರಷ್ಟು ಹೊಂದಿಕೊಳ್ಳುವ ತರಕಾರಿ ಕಡಿಮೆ. ಇಟಲಿಯವರು ಅಕ್ಕಿಯ ಜೊತೆ ರಿಸೊಟ್ಟೊ ಮಾಡುತ್ತಾರೆ, ಚೀನೀಯರು ಬೆಳ್ಳುಳ್ಳಿ ಹಾಕಿ ದೊಡ್ಡ ಉರಿಯಲ್ಲಿ ಬಾಡಿಸುತ್ತಾರೆ, ಜಪಾನಿನವರು ತೆಳು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ಫ್ರೆಂಚರು ಸೋಸಿ ಸೂಪ್ ಮಾಡುತ್ತಾರೆ. ನಮ್ಮ ಒಗ್ಗರಣೆಗೂ ಇದು ಬೇಗ ಒಗ್ಗುತ್ತದೆ. ಪಲ್ಯದ ಕ್ರಮ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. ಕಾಲು ಕಿಲೊ ಕುಡಿ. ಬುಡದ ಗಟ್ಟಿ ಭಾಗ ತೆಗೆದು, ಕೆಳಗಿನ ಅರ್ಧದ ಸಿಪ್ಪೆಯನ್ನು ತೆಳ್ಳಗೆ ಹೆರೆಯಿರಿ. ಬಿಳಿಯದಾದರೆ ತುದಿಯೊಂದನ್ನು ಬಿಟ್ಟು ಪೂರ್ತಿ ಹೆರೆಯಬೇಕು. ಬೆರಳ ಗಣ್ಣಿನಷ್ಟು ಉದ್ದಕ್ಕೆ ಹೆಚ್ಚಿ, ತುದಿಗಳನ್ನು ಬೇರೆ ಇಡಿ. ಬಾಣಲೆಯಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ. ಸಾಸಿವೆ, ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಕರಿಬೇವು. ಬೇಳೆ ಕೆಂಪಗಾದಾಗ ಮೊದಲು ಕಾಂಡದ ಹೋಳು, ಎರಡು ನಿಮಿಷ ಬಿಟ್ಟು ತುದಿಗಳು, ಉಪ್ಪು. ನೀರು ಹಾಕಬೇಡಿ, ತಟ್ಟೆ ಮುಚ್ಚಬೇಡಿ. ಇನ್ನೂ ಎರಡು ಮೂರು ನಿಮಿಷ ಕೈಯಾಡಿಸಿ ಉರಿ ಆರಿಸಿ, ಮೇಲೆ ಒಂದು ಹಿಡಿ ಕಾಯಿತುರಿ. ನಿಂಬೆರಸ ಬೇಕಿದ್ದರೆ ಎಲೆಗೆ ಬಡಿಸುವಾಗ ಹಿಂಡಿ. ಬಾಣಲೆಯಲ್ಲೇ ಹಾಕಿದರೆ ಹುಳಿ ತಾಗಿ ಹಸಿರು ಬಣ್ಣ ಮಾಸಿ ಕಂದಾಗುತ್ತದೆ.

ಎಳೆಯ ಕುಡಿಯನ್ನು ಹಸಿಯಾಗಿಯೇ ತೆಳ್ಳಗೆ ಬಿಲ್ಲೆ ಹೆಚ್ಚಿ, ನೆನೆಸಿದ ಹೆಸರುಬೇಳೆಯೊಂದಿಗೆ ಕೋಸಂಬರಿ ಮಾಡಬಹುದು. ಹುಳಿಗೆ ಹಾಕುವುದಾದರೆ ಕೊನೆಯ ಕುದಿಗೆ ಹಾಕಿ. ಬೇಳೆಯ ಜೊತೆ ಕುಕ್ಕರಿಗೆ ಹಾಕಿದರೆ ಬೂದು ಬಣ್ಣದ ಮುದ್ದೆಯಾದೀತು. ದೋಸೆ ಕಾವಲಿಗೆ ತುಪ್ಪ ಸವರಿ, ಇಡೀ ಕುಡಿಗಳನ್ನು ಹೊರಳಿಸಿ ಅಲ್ಲಲ್ಲಿ ಕಂದು ಚುಕ್ಕೆ ಬರುವಂತೆ ಹುರಿದು, ಉಪ್ಪು, ಮೆಣಸಿನಪುಡಿ ಉದುರಿಸಿ ಮಕ್ಕಳ ಕೈಗೆ ಕೊಡಿ. ಫೋಲೇಟ್ ನೀರಿನಲ್ಲಿ ಕರಗುವಂಥದು. ಬಹಳ ನೀರಲ್ಲಿ ಕುದಿಸಿ ಬಸಿದರೆ ಒಳ್ಳೆಯದೆಲ್ಲ ಮೋರಿಗೆ ಹೋಗುತ್ತದೆ, ಹಬೆಯಲ್ಲಿ ಬೇಯಿಸುವುದು ಮೇಲು. ತೆಗೆದ ಬುಡ, ಸಿಪ್ಪೆಗಳನ್ನು ಬಿಸಾಡಬೇಡಿ. ಅವನ್ನು ಇಪ್ಪತ್ತು ನಿಮಿಷ ಕುದಿಸಿ ಸೋಸಿದ ನೀರಿಗೆ ಮೆಣಸು ಜೀರಿಗೆ ಕುಟ್ಟಿ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟರೆ ಸೊಗಸಾದ ಸಾರು.

ಕೊನೆಗೆ ನನ್ನ ಸಲಹೆ ಇಷ್ಟು. ದಿನದ ಅಡುಗೆಗೆ ಇದು ಬೇಕೇ ಬೇಕೆಂದಿಲ್ಲ. ಹಬ್ಬಕ್ಕೋ, ನಂಟರು ಬಂದಾಗಲೋ, ಹೊಸ ರುಚಿ ನೋಡುವ ಮನಸ್ಸಾದಾಗಲೋ ಒಂದು ಕಟ್ಟು ತನ್ನಿ, ತಂದ ದಿನವೇ ಒಲೆಗೇರಿಸಿ. ಅಂಗಡಿಯಲ್ಲಿ ತುದಿ ಬಾಡಿ ಬುಡ ಒಣಗಿದ ಕಟ್ಟು ಕಂಡರೆ, ಅದು ಎಷ್ಟೇ ದೂರದಿಂದ ಬಂದಿರಲಿ, ಎಷ್ಟೇ ಹೆಸರಿರಲಿ, ಅಲ್ಲೇ ಬಿಟ್ಟು ಹೊರಗೆ ಬನ್ನಿ. ಬಾಗಿಲಲ್ಲಿ ಸೊಪ್ಪು ಮಾರುವಾಕೆಯ ಬುಟ್ಟಿಯಲ್ಲಿ ಬೆಳಗ್ಗೆ ಕಿತ್ತ ಕುಂಬಳದ ಕುಡಿ ಇದ್ದರೆ, ಆ ದಿನ ಕೊಳ್ಳಬೇಕಾದದ್ದು ಅದನ್ನೇ. ಕುಡಿಗೆ ಬೆಲೆ ಬರುವುದು ತಾಜಾತನದಿಂದ.